ಬೆಳಕನ್ನು ಅಳೆಯುವ ಪೆಟ್ಟಿಗೆ

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು, ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಒಳಬಂದ ಬೆಳಕು ಪೂರ್ವದ ರಾಜಗೋಪುರವನ್ನು ಶಿಖರ ಕೆಳಗಾಗಿ, ಬುಡ ಮೇಲಾಗಿ ಎದುರು ಗೋಡೆಯ ಮೇಲೆ ಚಿತ್ರಿಸಿರುವುದನ್ನು ಕಂಡು ಬೆರಗಾಗುವುದುಂಟು. ಇದರಲ್ಲಿ ಮಾಯೆಯೇನೂ ಇಲ್ಲ. ಬೆಳಕು ಸರಳರೇಖೆಯಲ್ಲಿ ಚಲಿಸತಕ್ಕದ್ದಾದುದರಿಂದ, ಗೋಪುರದ ತುದಿಯಿಂದ ಹೊರಟ ಕಿರಣವು ಕಿಂಡಿಯನ್ನು ಹಾದು ಕೆಳಕ್ಕೂ, ಬುಡದಿಂದ ಹೊರಟುದು ಮೇಲಕ್ಕೂ ಬೀಳಲೇಬೇಕು. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಅಲ್-ಹೈತಮ್ ಎಂಬ ಅರಬ್ ವಿದ್ವಾಂಸನು ಈ ವ್ಯಾಪಾರವನ್ನು ಶಾಸ್ತ್ರೀಯವಾಗಿ ವಿವೇಚಿಸಿದ್ದನು. ಇಂದಿನ ಅತ್ಯಂತ ಬೆಲೆಬಾಳುವ ಕ್ಯಾಮೆರಾ ಕೂಡ ಮೂಲತಃ ಇಂತಹುದೇ ಒಂದು ಕತ್ತಲ ಕೋಣೆ. ಕಿಂಡಿಗೆ ಮಸೂರವೂ, ಬೆಳಕಿಗೆ ಬಾಗಿಲೂ, ಬಿದ್ದ ಬಿಂಬವನ್ನು ಹಿಡಿದಿಡುವ ಒಂದು ಫಲಕವೂ ಕೂಡಿದವು, ಅಷ್ಟೆ.

ಕಿಂಡಿ ಕಿರಿದಾಗಿದ್ದರೆ ಬಿಂಬವು ಸ್ಪಷ್ಟವಾದರೂ ಮಂಕು. ಹಿರಿದು ಮಾಡಿದರೆ ಪ್ರಕಾಶಮಾನವಾದರೂ ಕಲಸಿದಂತೆ ಅಸ್ಪಷ್ಟ. ಈ ಸಂಕಟದಿಂದ ನಮ್ಮನ್ನು ಪಾರುಮಾಡಿದುದು ಮಸೂರ. ವಸ್ತುವಿನ ಒಂದು ಬಿಂದುವಿನಿಂದ ಚೆದರಿ ಬಂದ ಕಿರಣಗಳನ್ನೆಲ್ಲ ಅದು ಬಾಗಿಸಿ ಪುನಃ ಒಂದೇ ಬಿಂದುವಿನಲ್ಲಿ ಕೂಡಿಸುವುದರಿಂದ, ದೊಡ್ಡ ಕಿಂಡಿಯ ಬೆಳಕೂ ಸಣ್ಣ ಕಿಂಡಿಯ ಸ್ಪಷ್ಟತೆಯೂ ಒಟ್ಟಿಗೆ ದೊರೆಯುತ್ತವೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದುಂಟು: ಒಂದು ನಿಯತ ದೂರದಲ್ಲಿರುವ ವಸ್ತು ಮಾತ್ರ ಸ್ಫುಟವಾಗಿ ಮೂಡೀತು, ಅದರ ಹಿಂದಿನದೂ ಮುಂದಿನದೂ ಮಸುಕಾದೀತು. ಫೋಕಸ್ ಮಾಡುವುದೆಂದರೆ ಆ ದೂರವನ್ನು ಆರಿಸಿಕೊಳ್ಳುವುದು. ಒಂದನ್ನು ಕಸಿದುಕೊಂಡಲ್ಲದೆ ಇನ್ನೊಂದನ್ನು ಕೊಡದ ಈ ಸ್ವಭಾವವು ಕ್ಯಾಮೆರಾದ ಎಲ್ಲ ಅಂಗಗಳಲ್ಲಿಯೂ ಕಾಣಬರುವುದು.

ಬಿಂಬವನ್ನು ಹಿಡಿದಿಡುವ ಕಾರ್ಯವು ಸುಲಭಸಾಧ್ಯವಾಗಿರಲಿಲ್ಲ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರಲ್ಲಿ ಲೋಹದ ತಗಡಿಗೆ ಒಂದು ಬಗೆಯ ಡಾಂಬರನ್ನು ಬಳಿದು, ತನ್ನ ಮನೆಯ ಕಿಟಕಿಯಾಚೆಯ ನೋಟವನ್ನು ಅದರ ಮೇಲೆ ಮೂಡಿಸಿದನು. ಬೆಳಕು ಬೀಳುತ್ತಿದ್ದ ಅವಧಿ ಎಷ್ಟು ದೀರ್ಘವೆಂದರೆ, ಅಷ್ಟರೊಳಗೆ ಸೂರ್ಯನು ಆಕಾಶವನ್ನು ದಾಟಿ, ಎದುರುಬದುರಾದ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಿರುವುದು ಆ ಚಿತ್ರದಲ್ಲಿ ಕಾಣುತ್ತದೆ. ಇಂದು ಅದೇ ಸ್ಥಾನದಲ್ಲಿ ಸಿಲಿಕಾನಿನ ಸೆನ್ಸರ್ ಕುಳಿತಿದೆ. ಅದರ ಕೋಟ್ಯಂತರ ಸೂಕ್ಷ್ಮ ಕೋಶಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ವಿದ್ಯುದಾವೇಶವನ್ನಾಗಿ ಮಾರ್ಪಡಿಸಿ ಎಣಿಕೆಗೆ ಒದಗಿಸುತ್ತವೆ. ಕೋಶಗಳಿಗೆ ಬಣ್ಣದ ಅರಿವಿಲ್ಲವಾದುದರಿಂದ ಪ್ರತಿಯೊಂದರ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಶೋಧಕವನ್ನು ಹೊದಿಸಿರುತ್ತಾರೆ. ನಮ್ಮ ಕಣ್ಣು ಹಸಿರಿನ ಕಡೆಯ ಬೆಳಕಿಗೆ ಹೆಚ್ಚು ಚುರುಕಾಗಿ ಸ್ಪಂದಿಸುವುದರಿಂದ ಅರ್ಧಪಾಲು ಶೋಧಕಗಳು ಹಸಿರಿನವು. ಪ್ರತಿ ಕೋಶಕ್ಕೂ ತನ್ನದಲ್ಲದ ಉಳಿದೆರಡು ಬಣ್ಣಗಳನ್ನು ನೆರೆಯ ಕೋಶಗಳಿಂದ ಊಹಿಸಿ ತುಂಬಲಾಗುತ್ತದೆ.

ಈ ಫಲಕಕ್ಕೆ ಬೆಳಕನ್ನು ಅಳೆದು ಕೊಡುವ ಮಾನಗಳು ಎರಡು. ಮಸೂರದೊಳಗಿನ ತೆರಪಾದ ಅಪರ್ಚರ್ ಮೊದಲನೆಯದು. ಎಫ್/2, ಎಫ್/2.8, ಎಫ್/4 ಎಂದು ಎಫ್/16ರವರೆಗೂ ಅದರಾಚೆಗೂ ಹೋಗುವ ಈ ಅಂಕಿಗಳು ಹೊಸಬರನ್ನು ತಬ್ಬಿಬ್ಬುಗೊಳಿಸುತ್ತವೆ. ಮಸೂರದ ಸಂಗಮದೂರವನ್ನು, ಎಂದರೆ ಬಹುದೂರದ ವಸ್ತುವಿನ ಕಿರಣಗಳು ಕೂಡುವ ಬಿಂದುವಿಗೆ ಮಸೂರದಿಂದಿರುವ ದೂರವನ್ನು, ತೆರಪಿನ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಆದಕಾರಣ ಅಂಕಿ ಹಿರಿದಾದಷ್ಟೂ ತೆರಪು ಕಿರಿದು, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕಿಳಿಯುವುದು. 50 ಮಿ.ಮೀ. ಸಂಗಮದೂರದ ಮಸೂರದಲ್ಲಿ ಎಫ್/2 ಎಂದರೆ 25 ಮಿ.ಮೀ. ಅಗಲ, ಎಫ್/16 ಎಂದರೆ 3 ಮಿ.ಮೀ.ಗಿಂತ ತುಸು ಹೆಚ್ಚು. ಎರಡನೆಯದು ಷಟರ್, ಎಂದರೆ ಬೆಳಕು ಬೀಳುವ ಕಾಲವನ್ನು ನಿಯಂತ್ರಿಸುವ ಬಾಗಿಲು.

ಎಫ್/8ರಲ್ಲಿ 1/125 ಸೆಕೆಂಡು, ಎಫ್/2.8ರಲ್ಲಿ 1/1000, ಎಫ್/16ರಲ್ಲಿ 1/30: ಈ ಮೂರರಲ್ಲಿಯೂ ಸೆನ್ಸರಿಗೆ ಸಲ್ಲುವ ಬೆಳಕು ಒಂದೇ, ಮೂಡುವ ಚಿತ್ರ ಮಾತ್ರ ಬೇರೆ. ಕರಾವಳಿಯ ಕಂಬಳದ ಗದ್ದೆಯ ಅಂಚಿನಲ್ಲಿ ನಿಂತು 1/1000ರಲ್ಲಿ ತೆಗೆದರೆ, ಓಡುವ ಕೋಣಗಳ ಕಾಲಡಿಯಿಂದೆದ್ದ ಕೆಸರುನೀರು ಹನಿಹನಿಯಾಗಿ ಗಾಳಿಯಲ್ಲಿ ನಿಲ್ಲುವುದು, ತೆರಪು ಹಿರಿದಾದುದರಿಂದ ಹಿಂದಿನ ಜನಸಂದಣಿ ಮಸುಕಾಗುವುದು; 1/30ರಲ್ಲಿ ತೆಗೆದರೆ ತೆರಪು ಕಿರಿದಾದುದರಿಂದ ದೂರದ ಜನರ ಮುಖಗಳೂ ಸ್ಪಷ್ಟವಾದಾವು, ಕೋಣಗಳು ಮಾತ್ರ ಕಪ್ಪು ಗೀರಾಗಿ ಹರಿದುಹೋದಾವು. ಯಾವುದು ಬೇಕೆಂಬುದನ್ನು ಕ್ಯಾಮೆರಾ ನಿಶ್ಚಯಿಸಲಾರದು. ಎರಡೂ ಬೇಕೆನ್ನುವವನು ಐಎಸ್‌ಒ ಅಂಕಿಯನ್ನು ಏರಿಸಬೇಕು. ಅದು ಬೆಳಕನ್ನು ಹೆಚ್ಚಿಸದು. ದೊರೆತ ಅಲ್ಪ ಸಂಕೇತವನ್ನು ಹಿಗ್ಗಿಸುವುದಷ್ಟೇ, ಆಗ ಚಿತ್ರವು ಕಾಳುಕಾಳಾಗಿ ಒರಟಾಗುವುದು.

ಬೆಳಕನ್ನು ತಾನೇ ಅಳೆದು ಅಂಕಿಗಳನ್ನು ಹೊಂದಿಸುವ ಮೀಟರ್ ಈಗ ಬಹುತೇಕ ಎಲ್ಲ ಕ್ಯಾಮೆರಾಗಳಲ್ಲಿಯೂ ಉಂಟು. ಆದರೆ ತಕ್ಕಡಿಗೆ ತೂಕ ತಿಳಿದೀತೇ ಹೊರತು ತಟ್ಟೆಯಲ್ಲಿರುವುದು ಹತ್ತಿಯೋ ಬೆಲ್ಲವೋ ತಿಳಿಯದು. ಕಂಡ ದೃಶ್ಯವೆಲ್ಲ ಒಟ್ಟಿನಲ್ಲಿ ನಡುತರದ ಬೂದುಬಣ್ಣದಷ್ಟು ಬೆಳಗಿದೆಯೆಂದು ಭಾವಿಸುವುದೇ ಅದರ ಮೂಲಧರ್ಮ. ಅದರಿಂದಲೇ ಚೌಕಟ್ಟಿನ ತುಂಬ ಕೋಣದ ಮೈಯೇ ಇದ್ದರೆ ಕಪ್ಪು ಬೂದಾಗುವುದು. ಶಂಕರಪುರದ ಮಲ್ಲಿಗೆಯ ಅಟ್ಟೆಯನ್ನು, ಎಂದರೆ ಹೂಕಟ್ಟನ್ನು, ಹತ್ತಿರದಿಂದ ತೆಗೆದರೆ ಬಿಳುಪು ಕೊಳೆಯಾದಂತೆ ಕಾಣುವುದು. ಕೂಡಿಸು-ಕಳೆ ಚಿಹ್ನೆಯ ಗುಂಡಿಯನ್ನು ಮಲ್ಲಿಗೆಗೆ ಒಂದು ಮೆಟ್ಟಿಲು ಕೂಡಿಸಿಯೂ, ಕೋಣಕ್ಕೆ ಒಂದು ಮೆಟ್ಟಿಲು ಕಳೆದೂ ತಿದ್ದಬೇಕು. ಬಿಳಿಯದಕ್ಕೆ ಬೆಳಕನ್ನು ಹೆಚ್ಚಿಸಬೇಕೆಂಬುದು ಮೊದಲು ವಿಪರೀತವೆನಿಸಿದರೂ ಕಾರಣ ತಿಳಿದ ಮೇಲೆ ಮರೆಯುವುದಿಲ್ಲ.

ಹೊಸದಾಗಿ ಕ್ಯಾಮೆರಾ ಹಿಡಿದವರು ಹಲವು ಮಸೂರಗಳಿಗೆ ಹಣ ಸುರಿಯುವ ಮುನ್ನ ಇರುವ ಒಂದರಿಂದಲೇ ಅಭ್ಯಾಸವನ್ನು ಆರಂಭಿಸುವುದು ಲೇಸು. ಅಪರ್ಚರನ್ನು ನಾವು ಆರಿಸಿ ಷಟರನ್ನು ಯಂತ್ರಕ್ಕೆ ಬಿಡುವ ವ್ಯವಸ್ಥೆಯನ್ನು ಇಟ್ಟುಕೊಂಡು, ಅಂಗಳದ ತುಳಸಿಕಟ್ಟೆಯನ್ನು ನಿಂತಲ್ಲಿಂದಲೇ ಎಫ್/4ರಲ್ಲಿ ಒಮ್ಮೆ, ಎಫ್/16ರಲ್ಲಿ ಒಮ್ಮೆ ತೆಗೆದು, ಹಿಂದಿನ ಗೋಡೆ ಹೇಗೆ ಬದಲಾಯಿತೆಂದು ಹೋಲಿಸಿ ನೋಡಲಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ಗುಂಡಿಯನ್ನು ಅರ್ಧ ಒತ್ತಿ ಫೋಕಸನ್ನು ನಿಲ್ಲಿಸಿ, ಅನಂತರ ಮೆಲ್ಲಗೆ ಪೂರ್ತಿ ಒತ್ತಲಿ. 50 ಮಿ.ಮೀ. ಮಸೂರಕ್ಕೆ 1/50, 200ಕ್ಕೆ 1/200: ಇದಕ್ಕಿಂತ ನಿಧಾನವಾದರೆ ಕೈನಡುಕವು ಚಿತ್ರದಲ್ಲಿ ಕಂಡೀತೆಂಬುದು ಛಾಯಾಗ್ರಾಹಕರ ಹಳೆಯ ಲೆಕ್ಕ. ಫಿಲ್ಮಿನ ಕಾಲದ ಅಭ್ಯಾಸಿಗಳು ಪ್ರತಿ ಚಿತ್ರದ ಅಂಕಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕಾಗಿದ್ದಿತು. ಈಗ ಅವು ಚಿತ್ರದೊಡನೆಯೇ ದಾಖಲಾಗುತ್ತವೆ. ಕೆಟ್ಟ ಚಿತ್ರವನ್ನು ಅಳಿಸುವ ಮೊದಲು ಆ ಅಂಕಿಗಳನ್ನು ಓದಿ, ಮಸುಕಾದುದು ಕೈನಡುಕದಿಂದಲೋ, ವಸ್ತುವಿನ ಚಲನೆಯಿಂದಲೋ, ಫೋಕಸ್ ತಪ್ಪಿದ್ದರಿಂದಲೋ ಎಂದು ವಿಂಗಡಿಸಬಲ್ಲವನು, ಮುಂದಿನ ಸಲ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟುಕೊಡಬೇಕೆಂಬುದನ್ನು ಗುಂಡಿ ಒತ್ತುವ ಮೊದಲೇ ಬಲ್ಲನು.