ಐವರ ಗೋಡೆ

ಅಮೆರಿಕನ್ ಫುಟ್‌ಬಾಲ್ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಪ್ರೇಕ್ಷಕರ ಕಣ್ಣು ಸದಾ ಚೆಂಡಿನ ಹಿಂದೆಯೇ. ಎಸೆಯುವ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಅವುಚಿಕೊಂಡು ಓಡುವ ರನ್ನಿಂಗ್ ಬ್ಯಾಕ್ – ಹೆಸರು, ಚಪ್ಪಾಳೆ ಎಲ್ಲ ಇವರಿಗೇ. ಆದರೆ ಇವರ ಮುಂದೆ ನೆಲಕ್ಕೆ ಬಾಗಿ ನಿಲ್ಲುವ ಐವರು ದೈತ್ಯರಿದ್ದಾರೆ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಮೇಲೆರಗುವ ಎದುರಾಳಿಗಳನ್ನು ತಡೆಯುವುದು, ತಳ್ಳಿ ದಾರಿ ಮಾಡಿಕೊಡುವುದು ಇವರ ಕೆಲಸ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವುದನ್ನು ಬಿಟ್ಟರೆ ಇವರು ಚೆಂಡು ಮುಟ್ಟುವುದೇ ಅಪರೂಪ.

ತೋಳ್ಬಲವೊಂದರಿಂದಲೇ ಈ ಸಾಲು ನಿಲ್ಲದು. ನಾಲ್ವರು ಸರಿಯಾಗಿ ಆಡಿ ಒಬ್ಬ ತಪ್ಪಿದರೂ ಸಾಕು, ಎದುರಾಳಿ ಒಳನುಗ್ಗುತ್ತಾನೆ. ಆದ್ದರಿಂದಲೇ ವೃತ್ತಿಪರ ತಂಡಗಳಲ್ಲಿ ಈ ಸಾಲಿಗೆಂದೇ ಪ್ರತ್ಯೇಕ ಕೋಚ್ ಇರುತ್ತಾರೆ. ಅವರು ಕಲಿಸುವುದು ಮೇಲ್ನೋಟಕ್ಕೆ ಸಣ್ಣ ಸಂಗತಿಗಳು. ಮೊದಲ ಹೆಜ್ಜೆ ಯಾವ ಕಾಲಿನದು? ಸೊಂಟ ಎಷ್ಟು ತಗ್ಗಬೇಕು? ಅಂಗೈ ಎಲ್ಲಿ ತಾಗಬೇಕು? ಇಬ್ಬರು ಸೇರಿ ಒಬ್ಬನನ್ನು ತಳ್ಳುವಾಗ ಯಾರು, ಯಾವ ಗಳಿಗೆಯಲ್ಲಿ ಅವನನ್ನು ಬಿಟ್ಟು ಮುಂದಿನವನತ್ತ ಸರಿಯಬೇಕು? ಯೋಚಿಸದೆಯೇ ಮೈ ತಾನಾಗಿ ಉತ್ತರ ಕೊಡುವವರೆಗೆ ಅಭ್ಯಾಸ ನಡೆಯುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ವಾಷಿಂಗ್ಟನ್ ತಂಡ. 1981ರಲ್ಲಿ ಜೋ ಗಿಬ್ಸ್ ಮುಖ್ಯ ಕೋಚ್ ಆದಾಗ ಸಾಲಿನ ಹೊಣೆ ಜೋ ಬ್ಯೂಗಲ್ ಅವರದಾಯಿತು. ಆ ವರ್ಷದ ಮೊದಲ ಐದು ಪಂದ್ಯಗಳಲ್ಲೂ ಸೋಲು. ಬ್ಯೂಗಲ್ ಕೈಯಲ್ಲಿದ್ದವರಾದರೂ ಎಂಥವರು? ಜೋ ಜೇಕಬಿ, ಜೆಫ್ ಬೋಸ್ಟಿಕ್ ಇಬ್ಬರನ್ನೂ ಕಾಲೇಜು ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಕಾಲೇಜಿನಲ್ಲಿ ಸೆಂಟರ್ ಆಗಿದ್ದ ರಸ್ ಗ್ರಿಮ್ ಇಲ್ಲಿ ಎಡ ಗಾರ್ಡ್ ಆದರು. 1982ರ ತರಬೇತಿ ಶಿಬಿರದಲ್ಲಿ ಬ್ಯೂಗಲ್ ಇವರನ್ನೆಲ್ಲ 'ಹಾಗ್ಸ್' – ಹಂದಿಗಳು – ಎಂದು ಕರೆದರು. ಬೈಗುಳದಂಥ ಆ ಹೆಸರೇ ಬಿರುದಾಯಿತು. ಅಭಿಮಾನಿಗಳು ಹಂದಿಮೂತಿ ತೊಟ್ಟು ಮೈದಾನಕ್ಕೆ ಬಂದರು. ಹೆಸರಿಲ್ಲದವರಿಗೆ ಒಂದು ಹೆಸರು ಸಿಕ್ಕಿತ್ತು.

1983ರ ಜನವರಿ 30ರ ಸೂಪರ್ ಬೌಲ್‌ನಲ್ಲಿ ಈ ಪಾಠ ಫಲಿಸಿತು. ಕೊನೆಯ ಕಾಲುಭಾಗದಲ್ಲಿ ಮಯಾಮಿ 17–13ರಿಂದ ಮುಂದಿತ್ತು. ವಾಷಿಂಗ್ಟನ್‌ಗೆ ಉಳಿದದ್ದು ಒಂದೇ ಅವಕಾಶ, ಬೇಕಾದದ್ದು ಒಂದೇ ಗಜ. ಜಾನ್ ರಿಗಿನ್ಸ್ ಎಡಕ್ಕೆ ನುಗ್ಗಿ, ಹಿಡಿಯಬಂದವನನ್ನು ಕೊಡವಿಕೊಂಡು 43 ಗಜ ಓಡಿದರು. ವಾಷಿಂಗ್ಟನ್ 27–17ರಿಂದ ಗೆದ್ದಿತು.

ಸಾಲು ಕಟ್ಟುವ ದಾರಿ ಒಂದೇ ಅಲ್ಲ. ಡೆನ್ವರ್ ತಂಡದಲ್ಲಿ 1995ರಿಂದ ಅಲೆಕ್ಸ್ ಗಿಬ್ಸ್ ಭಾರಕ್ಕಿಂತ ಚುರುಕುತನವನ್ನು ನೆಚ್ಚಿದರು. ಐವರೂ ಒಟ್ಟಿಗೆ ಒಂದೇ ದಿಕ್ಕಿಗೆ ಹೆಜ್ಜೆಯಿಟ್ಟು, ತಮ್ಮ ಪಾಲಿನ ಜಾಗಕ್ಕೆ ಬಂದವನನ್ನು ತಡೆಯುವ ಕ್ರಮ ಅವರದು. ಓಟಗಾರ ಎಲ್ಲಿ ಬಿರುಕು ಕಂಡಿತೋ ಅಲ್ಲಿ ನುಗ್ಗಬೇಕು. ಆರನೆಯ ಸುತ್ತಿನಲ್ಲಿ ಆಯ್ಕೆಯಾಗಿದ್ದ ಟೆರೆಲ್ ಡೇವಿಸ್ ಈ ಸಾಲಿನ ಹಿಂದೆ 1998ರಲ್ಲಿ 2,008 ಗಜ ಓಡಿದರು.

ಸಾಲು ಒಡೆದಾಗ ತೆರಬೇಕಾದ ಬೆಲೆ ಬರೀ ಅಂಕಗಳದಲ್ಲ. 1985ರ ನವೆಂಬರ್‌ನಲ್ಲಿ ಇದೇ ವಾಷಿಂಗ್ಟನ್‌ನ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಮೇಲೆ ಲಾರೆನ್ಸ್ ಟೇಲರ್ ಎರಗಿದಾಗ ಅವರ ಕಾಲಿನ ಮೂಳೆ ಮುರಿಯಿತು. ಅವರು ಮತ್ತೆಂದೂ ಆಡಲಿಲ್ಲ. ಕೋಚ್ ಹೆಜ್ಜೆಹೆಜ್ಜೆಗೂ ಗದರುವುದರ ಅರ್ಥ ಇಲ್ಲಿದೆ.

ಗಿಬ್ಸ್ ಕಾಲದ ಉಳಿದೆರಡು ಸೂಪರ್ ಬೌಲ್‌ಗಳನ್ನು ವಾಷಿಂಗ್ಟನ್ 1988 ಮತ್ತು 1992ರಲ್ಲಿ ಗೆದ್ದಿತು. ಮೂರು ಗೆಲುವಿಗೆ ಮೂವರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು. 1990ರಲ್ಲಿ ಬ್ಯೂಗಲ್ ಕೂಡ ತಂಡ ಬಿಟ್ಟು ಹೋಗಿದ್ದರು. ಆದರೆ ಗ್ರಿಮ್, ಜೇಕಬಿ, ಬೋಸ್ಟಿಕ್ ಮೂರರಲ್ಲೂ ಇದ್ದರು. ಗುರು ಹೋದ ಮೇಲೂ ಪಾಠ ಮೈಯಲ್ಲಿ ಉಳಿದಿತ್ತು.