ಬರಲಿ – ಬೆಂಗ

ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ರಸ್ತೆಗಳು ಕೂಡುತ್ತವೆ. ಬಸ್ಸಿಗೆ ನಿಂತವರ ಮಾತಿಗೆ ಕಿವಿಗೊಟ್ಟರೆ ಒಂದೇ ಕ್ರಿಯಾರೂಪ ಹತ್ತಾರು ಸಲ ಕೇಳುತ್ತದೆ. ‘ಸಾಗರದ ಬಸ್ಸು ಬರಲಿ, ಹೋಗೋಣ.’ ‘ಅಡಿಕೆ ಒಣಗೋವರೆಗಾದ್ರೂ ಬಿಸಿಲಿರಲಿ ಮಾರಾಯ.’ ‘ಬೇಕಾದ್ರೆ ಅವನೇ ಬಂದು ಕೇಳಲಿ.’ ‘ನಾನೇನು ಮಾಡಲಿ?’ ಕಾಯುವಿಕೆ, ಹಾರೈಕೆ, ಅಪ್ಪಣೆ, ಅಸಹಾಯಕತೆ – ಎಲ್ಲಕ್ಕೂ ‘ಅಲಿ’ ಒಂದೇ. ಶಾಲೆಯ ವ್ಯಾಕರಣ ಇದನ್ನು ವಿಧ್ಯರ್ಥ ಎನ್ನುತ್ತದೆ. ಹಳಗನ್ನಡದಲ್ಲಿ ಬಾಳ್ಗೆ, ಅಕ್ಕೆ, ಮಾಳ್ಕೆ ಎಂಬ ರೂಪಗಳು ಈ ಕೆಲಸ ಮಾಡುತ್ತಿದ್ದವು.

ಸ್ಪ್ಯಾನಿಷ್ ಕಲಿಯುವವರನ್ನು ಹೆಚ್ಚು ಹೆದರಿಸುವ ‘ಸುಬ್‌ಹುಂತಿವೊ’ ಎಂಬ ಕ್ರಿಯಾರೂಪ ಇದರ ನೆರೆಮನೆಯದು. ‘ಬ್ಯೆನೆ’ ಎಂದರೆ ಬರುತ್ತಾನೆ, ಅದು ವರದಿ. ‘ಕೆ ಬೆಂಗ’ ಎಂದರೆ ಬರಲಿ; ಅದು ಆಡುವವನ ಮನಸ್ಸು. ರೂಪ ಕಟ್ಟುವುದು ಬಹುಮಟ್ಟಿಗೆ ಸ್ವರದ ಅದಲುಬದಲು: ಆಬ್ಲ (ಮಾತಾಡುತ್ತಾನೆ) ಆಬ್ಲೆ ಆಗುತ್ತದೆ, ಕೋಮೆ (ತಿನ್ನುತ್ತಾನೆ) ಕೋಮ ಆಗುತ್ತದೆ.

ಇದೇ ‘ಬೆಂಗ’ ಎದುರಿಗಿರುವ ಹಿರಿಯರಿಗೆ ‘ಬನ್ನಿ’ ಎನ್ನುವ ಆಜ್ಞೆಯೂ ಹೌದು. ಏಕೆ? ಸ್ಪ್ಯಾನಿಷಿನ ‘ತಾವು’ ಆದ ‘ಉಸ್ತೆದ್’ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆಯಿಂದ. ಕೃಪೆ ಪ್ರಥಮ ಪುರುಷ, ಹಾಗಾಗಿ ‘ತಮ್ಮ ಕೃಪೆ ಬರಲಿ’ ಎಂದೇ ಹೇಳಬೇಕಾಯಿತು. ಯಕ್ಷಗಾನ ನೋಡಿ ಬೆಳೆದ ಮಲೆನಾಡಿಗರಿಗೆ ಇದು ಹೊಸತಲ್ಲ. ‘ಬರೋಣವಾಗಲಿ’, ‘ಗುರುಗಳು ದಯಮಾಡಿಸಲಿ’ ಎನ್ನುವಾಗ ನಾವೂ ಎದುರಿಗಿದ್ದವರನ್ನು ದೂರದವರಂತೆ ಮಾಡಿ ಗೌರವಿಸುತ್ತೇವೆ.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಹೋಲಿಕೆ. ‘ಬೆಂಗ ಓ ನೊ ಬೆಂಗ’ – ಬರಲಿ ಬಿಡಲಿ. ‘ಬೆಂಗ ಕ್ಯೆನ್ ಬೆಂಗ’ – ಯಾರೇ ಬರಲಿ. ‘ಪಾಸೆ ಲೊ ಕೆ ಪಾಸೆ’ – ಏನೇ ಆಗಲಿ. ‘ಅಣ್ಣನಾಗಲಿ ತಮ್ಮನಾಗಲಿ’ ಎನ್ನುವಾಗ ನಾವು ‘ಆಗಲಿ’ಯನ್ನು ಎರಡು ಸಲ ಹೇಳುವಂತೆ ಅವರು ‘ಸೆಅ’ ಎಂದು ಎರಡು ಸಲ ಹೇಳುತ್ತಾರೆ. ‘ಸೆಅ’ಗೂ ಅರ್ಥ ಆಗಲಿ, ಇರಲಿ ಎಂದೇ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ದಾರಿ ಹಿಡಿದಿವೆ.

ಎಡವುವ ಜಾಗಗಳೂ ಇವೆ. ನಮ್ಮ ‘ಬರಲಿ’ ಅವನಿಗೂ ಅವರಿಗೂ ಮಳೆಗೂ ಒಂದೇ; ಅಲ್ಲಿ ಅವರು ಅನೇಕರಾದರೆ ‘ಬೆಂಗನ್’. ಗೆಳೆಯನನ್ನು ‘ಬಾ’ ಎಂದು ಕರೆಯಲು ‘ಬೆನ್’ ಎಂಬ ಬೇರೆ ರೂಪವಿದೆ. ಆದರೆ ಅವನಿಗೇ ‘ಬರಬೇಡ’ ಎನ್ನಲು ‘ನೊ ಬೆಂಗಸ್’, ಮತ್ತೆ ಸುಬ್‌ಹುಂತಿವೊ. ಕನ್ನಡದಲ್ಲಿ ಅಲ್ಲಿಗೆ ‘ಬೇಡ’ ಬಂದು ನಿಲ್ಲುತ್ತದೆ.

ಸ್ಪ್ಯಾನಿಷ್ ವಾಕ್ಯ ಕಟ್ಟುವ ಮುನ್ನ ಅದನ್ನು ಮನೆಮಾತಿನಲ್ಲಿ ಒಮ್ಮೆ ಆಡಿ ನೋಡಿ. ‘ಅಲಿ’ ಕೇಳಿಸಿದರೆ, ‘ನಾನೇನು ಮಾಡಲಿ?’ ಎಂಬಂಥ ಪ್ರಶ್ನೆಗಳನ್ನು ಬಿಟ್ಟು, ಧೈರ್ಯವಾಗಿ ‘ಬೆಂಗ’ ಎನ್ನಿ. ‘ಅವನು ಬರುತ್ತಾನೆ ಅಂತ ನನಗನ್ನಿಸಲ್ಲ’ ಎಂಬಂಥ ಸಂಶಯದ ಮಾತಿಗೂ, ಮುಂದಾಗಲಿರುವ ‘ಅವನು ಬಂದಾಗ’ ಎಂಬುದಕ್ಕೂ ಅಲ್ಲಿ ‘ಬೆಂಗ’ವೇ ಬೇಕು. ಇಂಥವನ್ನು ಬೇರೆಯಾಗಿ ನೆನಪಿಟ್ಟುಕೊಳ್ಳಿ.