ಯೇಸು ಲಡಾಖಿಗೆ ಬಂದಿದ್ದರೇ?

ಪ್ರಶ್ನೆ: ಯೇಸು ಹರೆಯದಲ್ಲಿ ಭಾರತಕ್ಕೆ ಬಂದು ವೇದ, ಬೌದ್ಧಧರ್ಮ ಕಲಿತರಂತೆ. ನಿಜವೇ?

ಉತ್ತರ: ಇಲ್ಲ. ಈ ಮಾತು ಹಬ್ಬಿದ್ದು ನಿಕೊಲಾಯ್ ನೊಟೊವಿಚ್ ಎಂಬ ರಷ್ಯನ್ ಪ್ರವಾಸಿ 1894ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಪುಸ್ತಕದಿಂದ. ಕಾಲು ಮುರಿದುಕೊಂಡು ಲಡಾಖಿನ ಹೆಮಿಸ್ ಮಠದಲ್ಲಿ ಮಲಗಿದ್ದಾಗ ಅಲ್ಲಿನ ಲಾಮಾ ‘ಈಸಾ’ ಎಂಬ ಸಂತನ ಚರಿತ್ರೆಯನ್ನು ಓದಿ ಹೇಳಿದರೆಂದು ಆತ ಬರೆದ. ಹನ್ನೆರಡನೇ ವಯಸ್ಸಿನಿಂದ ಸುಮಾರು ಮೂವತ್ತರವರೆಗಿನ ಯೇಸುವಿನ ಬದುಕಿನ ವಿವರ ಸುವಾರ್ತೆಗಳಲ್ಲಿಲ್ಲ. ಕಥೆ ಹೊಕ್ಕಿದ್ದು ಆ ಖಾಲಿ ಜಾಗಕ್ಕೆ. ಮರುವರ್ಷವೇ ಆಗ್ರಾದ ಪ್ರೊಫೆಸರ್ ಆರ್ಚಿಬಾಲ್ಡ್ ಡಗ್ಲಸ್ ಹೆಮಿಸ್‌ಗೆ ಹೋಗಿ ವಿಚಾರಿಸಿದರು. ಅಂಥ ಗ್ರಂಥವೂ ಇಲ್ಲ, ಕಾಲು ಮುರಿದ ಅತಿಥಿಯೂ ಬಂದಿಲ್ಲ ಎಂದು ಮಠದ ಹಿರಿಯ ಲಾಮಾ ಕಡ್ಡಿ ಮುರಿದಂತೆ ಹೇಳಿದರು.

ನನಗೆ ಬೆರಗು ತರುವುದು ಬೇರೆಯದೇ ಒಂದು ಪಯಣ. ಬುದ್ಧನ ಕಥೆಯೇ ಪಶ್ಚಿಮಕ್ಕೆ ನಡೆದುಹೋಯಿತು! ‘ಬೋಧಿಸತ್ವ’ ಅರಬ್ಬಿಯಲ್ಲಿ ‘ಬೂದಾಸಫ್’ ಆಯಿತು. ಆ ಲಿಪಿಯಲ್ಲಿ ಮೊದಲಕ್ಷರಕ್ಕೆ ಒಂದು ಚುಕ್ಕೆ ಹೆಚ್ಚಾದರೆ ಸಾಕು, ‘ಯೂದಾಸಫ್’. ಅದೇ ಮುಂದೆ ಲ್ಯಾಟಿನ್ನಿನ ‘ಜೋಸಫಾತ್’. ಅರಮನೆ ತೊರೆದ ಆ ರಾಜಕುಮಾರನನ್ನು ಯುರೋಪಿನ ಕ್ಯಾಥೊಲಿಕರು ತಮ್ಮದೇ ಸಂತನೆಂದು ನಂಬಿ, ಶತಮಾನಗಳ ಕಾಲ ನವೆಂಬರ್ 27ರಂದು ನೆನೆದರು.